ಅಡಿಕೆ ದುಡ್ಡಿನ ಗೇಮಿಂಗ್ ಲ್ಯಾಪ್‌ಟಾಪ್: ಸ್ಟಿಕ್ಕರ್ ನೋಡಿ ಮರುಳಾಗಬೇಡಿ

ಕಾಸರಗೋಡು: ಪ್ಲಸ್ ಟು ಮುಗಿಸಿ ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಗಡಿನಾಡಿನ ಮನೆಗಳಲ್ಲಿ ಈಗ ಮೊದಲು ಏಳುವ ಮಾತು ಹಾಸ್ಟೆಲಿನದ್ದಲ್ಲ, ಲ್ಯಾಪ್‌ಟಾಪಿನದ್ದು. ಅದೂ ಸಾದಾ ಲ್ಯಾಪ್‌ಟಾಪ್ ಅಲ್ಲ, 'ಗೇಮಿಂಗ್' ಲ್ಯಾಪ್‌ಟಾಪ್.

"ಆಟ ಆಡ್ಲಿಕ್ಕೆ ಅರುವತ್ತು ಸಾವಿರವಾ ಮಾರಾಯಾ?" ಎಂದು ಅಪ್ಪ. "ಆಟಕ್ಕೆ ಮಾತ್ರ ಅಲ್ಲ ಅಪ್ಪ, ಕಾಲೇಜಿನ ತ್ರೀಡಿ ಡ್ರಾಯಿಂಗಿಗೂ ಅದೇ ಬೇಕಾಗ್ತದೆ" ಎಂದು ಮಗ. ಬದಿಯಡ್ಕದಿಂದ ಮಂಜೇಶ್ವರದವರೆಗೆ ಜಗಲಿ ಜಗಲಿಯಲ್ಲಿ ನಡೆಯುವ ಈ ವಾದದಲ್ಲಿ ಇಬ್ಬರ ಮಾತಿನಲ್ಲೂ ಹುರುಳುಂಟು. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಇಂಜಿನಿಯರಿಂಗ್ ವಿನ್ಯಾಸ, ವಿಡಿಯೊ ಎಡಿಟಿಂಗ್, ಅನಿಮೇಷನ್ ಕೆಲಸಕ್ಕೂ ಬೇಕು. ಆದರೆ ಬಿ.ಕಾಂ. ಓದುವ, ನೋಟ್ಸ್ ಬರೆಯುವ ಮಕ್ಕಳಿಗೆ ಅದರ ಅಗತ್ಯವಿಲ್ಲ. ಹೆಸರುವಾಸಿ ವಾಲರೆಂಟ್‌ನಂಥ ಆಟಗಳು ಪ್ರತ್ಯೇಕ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ತೀರ್ಮಾನವಾಗಬೇಕಾದ ವಿಷಯ ಒಂದೇ: ಯಾವ ಕೆಲಸಕ್ಕೆ, ಯಾವ ಆಟಕ್ಕೆ?

ಹೆಸರಲ್ಲ, ಒಳಗಿನ ತಿರುಳು

ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಗಿರಾಕಿ ಎಡವುವುದು ಗ್ರಾಫಿಕ್ಸ್ ಕಾರ್ಡಿನ ಹೆಸರಿನಲ್ಲೇ. ಎನ್‌ವಿಡಿಯಾ ಕಂಪೆನಿಯ 'ಆರ್‌ಟಿಎಕ್ಸ್' ಸ್ಟಿಕ್ಕರ್ ಇದ್ದರೆ ಎಲ್ಲವೂ ಒಂದೇ ಎಂದು ತಿಳಿಯುವವರಿದ್ದಾರೆ. ಆರ್‌ಟಿಎಕ್ಸ್ 2050 ಮತ್ತು 4 ಜಿಬಿಯ ಆರ್‌ಟಿಎಕ್ಸ್ 3050 ಎರಡರಲ್ಲೂ ಇರುವ ಕೋರ್‌ಗಳ ಸಂಖ್ಯೆ 2,048. ಆದರೆ ಮೆಮೊರಿಗೆ ಹೋಗಿಬರುವ ದಾರಿ 2050ರಲ್ಲಿ 64 ಬಿಟ್, 3050ರಲ್ಲಿ 128 ಬಿಟ್. ಗಾಡಿ ಒಂದೇ, ರಸ್ತೆ ಮಾತ್ರ ಅರ್ಧ ಅಗಲ ಎಂಬ ಹಾಗೆ.

ಇನ್ನೊಂದು ಗುಟ್ಟು ವಾಟ್‌ನದ್ದು. ಒಂದೇ ಹೆಸರಿನ ಕಾರ್ಡಿಗೆ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಪ್ರಮಾಣದ ವಿದ್ಯುತ್ ಕೊಟ್ಟಿರುತ್ತಾರೆ. ಆರ್‌ಟಿಎಕ್ಸ್ 3050 ಕಾರ್ಡಿಗೆ 35ರಿಂದ 80 ವಾಟ್, 2023ರಲ್ಲಿ ಬಂದ ಆರ್‌ಟಿಎಕ್ಸ್ 4050 ಕಾರ್ಡಿಗೆ 35ರಿಂದ 115 ವಾಟ್‌ವರೆಗೆ ಅವಕಾಶವಿದೆ. 35 ವಾಟ್‌ನದ್ದು ತೆಳ್ಳಗೆ, ಚೆಂದಕ್ಕೆ ಇರಬಹುದು, ಓಟದಲ್ಲಿ ಹಿಂದೆ. "ಇದರ ಗ್ರಾಫಿಕ್ಸ್ ಎಷ್ಟು ವಾಟ್?" ಎಂದು ಕೇಳಿದರೆ ಅಂಗಡಿಯವರು ತಬ್ಬಿಬ್ಬಾಗಬಹುದು. ಆದರೂ ಕೇಳಬೇಕು. ತಯಾರಕರ ವಿವರಪಟ್ಟಿಯಲ್ಲಿ ಇದನ್ನು 'ಟಿಜಿಪಿ' ಎಂದು ಕೊಟ್ಟಿರುತ್ತಾರೆ.

ಕಾರ್ಡಿನ ಸ್ವಂತ ಮೆಮೊರಿಯೂ ಮುಖ್ಯ. 2024ರಲ್ಲಿ ಬಂದ ಬ್ಲ್ಯಾಕ್ ಮಿತ್: ವುಕಾಂಗ್ ಆಟಕ್ಕೆ ತಯಾರಕರು ಹೇಳಿದ ಕನಿಷ್ಠ ಅಗತ್ಯವೇ 6 ಜಿಬಿಯ ಕಾರ್ಡ್, 16 ಜಿಬಿ ರ‍್ಯಾಮ್, 130 ಜಿಬಿ ಜಾಗ. 4 ಜಿಬಿ ಕಾರ್ಡ್ ಕೊಂಡವರು ಹೊಸ ದೊಡ್ಡ ಆಟಗಳ ಆಸೆ ಇಟ್ಟುಕೊಳ್ಳದಿರುವುದೇ ಲೇಸು. ಜಿಟಿಎ 5ರಂಥ ಹಳೆಯ ಆಟಗಳಿಗೆ ಅಡ್ಡಿಯಿಲ್ಲ.

ಒಂದು ಉದಾಹರಣೆ

ಎಚ್‌ಪಿ ಕಂಪೆನಿ 2022ರಲ್ಲಿ ತಂದ ವಿಕ್ಟಸ್ 15 ಈ ವರ್ಗದ ಲ್ಯಾಪ್‌ಟಾಪ್‌ಗಳಿಗೆ ಒಳ್ಳೆಯ ಮಾದರಿ. ಅದರ ರೈಜನ್ 5 5600ಎಚ್ ಆವೃತ್ತಿಯಲ್ಲಿ 6 ಕೋರ್‌ಗಳ ಪ್ರೊಸೆಸರ್, 15.6 ಇಂಚಿನ 144 ಹರ್ಟ್ಸ್ ಪರದೆ, ಪ್ರತ್ಯೇಕ ಅಂಕೆಗಳ ಕೀ ಇರುವ ಪೂರ್ಣ ಕೀಬೋರ್ಡ್ ಇವೆ. ಲೆಕ್ಕಪತ್ರ ಬರೆಯುವವರಿಗೂ ಈ ಕೀಬೋರ್ಡ್ ಅನುಕೂಲ. ರ‍್ಯಾಮ್ ಸೇರಿಸಲು ಎರಡು ಸ್ಲಾಟ್ ಉಂಟು. ಇವು ಮೆಚ್ಚಬೇಕಾದ ಅಂಶಗಳು.

ಬೆಲೆ ಉಳಿಸಿದ್ದು ಎಲ್ಲಿ ಎಂಬುದೂ ಕಾಣುತ್ತದೆ. ಈ ಸಾಲಿನ ಅಗ್ಗದ ಆವೃತ್ತಿಗಳಲ್ಲಿ ಪರದೆಯ ಹೊಳಪು 250 ನಿಟ್ಸ್ ಮಾತ್ರ. ಹಗಲು ಹೊತ್ತು ಜಗಲಿಯಲ್ಲಿ ಕುಳಿತರೆ ಮಂಕು. ಬಣ್ಣದ ವ್ಯಾಪ್ತಿಯೂ ಶೇ. 45 ಎನ್‌ಟಿಎಸ್‌ಸಿ. ಆಟಕ್ಕೆ ಸಾಕು, ಮದುವೆ ಫೋಟೊ, ಆಲ್ಬಂ ಡಿಸೈನ್ ಮಾಡುವವರಿಗೆ ಸಾಲದು. ತೂಕ 2.29 ಕಿಲೊ, ಅದರ ಮೇಲೆ ಅಡಾಪ್ಟರಿನ ಭಾರ ಬೇರೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ನಿಂತು ಹೋಗಿಬರುವ ಮಕ್ಕಳ ಬೆನ್ನಿಗೆ ಇದು ಸಣ್ಣ ಹೊರೆಯಲ್ಲ.

ಬ್ಯಾಟರಿ ಲೆಕ್ಕ ಮನೆಯಲ್ಲೇ ಹಾಕಬಹುದು. ಈ ಆವೃತ್ತಿಯಲ್ಲಿ ಬರುವುದು 52.5 ವಾಟ್‌ಅವರ್ ಬ್ಯಾಟರಿ. ಆಟದಲ್ಲಿ 50 ವಾಟ್ ಎಳೆದರೂ ಸುಮಾರು ಒಂದು ಗಂಟೆಗೆ ಖಾಲಿ. ಅಡಾಪ್ಟರ್ ಹಾಕಿದರೆ 150 ವಾಟ್‌ವರೆಗೆ, ಅಂದರೆ ಎರಡು ಹಳೆಯ ಸೀಲಿಂಗ್ ಫ್ಯಾನಿನಷ್ಟು ಭಾರ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಇನ್ವರ್ಟರ್ ಮೇಲೆ ಆಟ ಆಡಿದರೆ ಮನೆಯ ದೀಪ, ಫ್ಯಾನುಗಳ ಪಾಲು ಹೋಗುತ್ತದೆ.

ರ‍್ಯಾಮ್ ಆಮೇಲೆ ಹಾಕುವಾ ಅಂದರೆ?

8 ಜಿಬಿಯ ಒಂದೇ ಸ್ಟಿಕ್ ಹಾಕಿ ಬೆಲೆ ಇಳಿಸುವುದು ಈ ವರ್ಗದ ಹಳೆಯ ಉಪಾಯ. ಒಂದೇ ಸ್ಟಿಕ್ ಇದ್ದರೆ ಮಾಹಿತಿ ಹರಿಯುವ ದಾರಿಯೂ ಒಂದೇ. 8 ಜಿಬಿಯ ಎರಡು ಸ್ಟಿಕ್ ಹಾಕಿದರೆ ಆಟದ ಓಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. "ಈಗ ಎಂಟು ಸಾಕು, ಆಮೇಲೆ ಹಾಕುವಾ" ಎಂಬ ಮಾತು ಮೊದಲು ನಡೆಯುತ್ತಿತ್ತು. ಆದರೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಆದ್ದರಿಂದ ಬಿಡಿ ರ‍್ಯಾಮಿನ ದರವನ್ನೂ ಸೇರಿಸಿ ಎರಡು ಮಾದರಿಗಳ ಬೆಲೆ ಹೋಲಿಸಿ ನೋಡಬೇಕು. ಎಸ್‌ಎಸ್‌ಡಿ 512 ಜಿಬಿಗಿಂತ ಕಡಿಮೆ ಬೇಡ.

ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಗುವುದುಂಟು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಗ್ನು/ಲಿನಕ್ಸ್ ಕಲಿತ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಪಾಠಕ್ಕೆ ಅದು ಧಾರಾಳ ಸಾಕು, ಆದರೆ ವಾಲರೆಂಟ್ ಅದರಲ್ಲಿ ನಡೆಯುವುದಿಲ್ಲ. ಕನ್ನಡ ಟೈಪಿಂಗ್ ಬಗ್ಗೆ ಚಿಂತೆ ಬೇಡ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಕನ್ನಡ ಕೀಲಿಮಣೆ ಜೊತೆಗೇ ಬರುತ್ತದೆ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಒಂದನ್ನು ಮರೆಯಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಹೆಚ್ಚಿನ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಮಾನ್ಯತೆ ಇಲ್ಲ.

ತಲಪಾಡಿ ದಾಟಿದರೆ ಲಾಭವೇ?

ಮೊದಲು ರಾಜ್ಯಕ್ಕೊಂದು ತೆರಿಗೆ ಇದ್ದಾಗ ಗಡಿ ದಾಟಿ ಕೊಂಡು ಉಳಿಸುವ ಲೆಕ್ಕಾಚಾರ ಇತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಲ್ಯಾಪ್‌ಟಾಪಿಗೆ ಎಲ್ಲ ಕಡೆಯೂ ಶೇ. 18. ಕಾಸರಗೋಡಿನಲ್ಲಿ ಕೊಂಡರೂ ಮಂಗಳೂರಿನಲ್ಲಿ ಕೊಂಡರೂ 65,000 ರೂ. ಬಿಲ್ಲಿನಲ್ಲಿ ತೆರಿಗೆ ಸುಮಾರು 9,915 ರೂ. ವ್ಯತ್ಯಾಸ ಇದ್ದರೆ ಅದು ಅಂಗಡಿಯ ರಿಯಾಯಿತಿಯದ್ದು. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೇವೆ" ಎಂಬ ಮಾತಿಗೆ ಒಪ್ಪಿದರೆ ವಾರಂಟಿಯೂ ಇಲ್ಲ, ದೂರಿಗೆ ದಾಖಲೆಯೂ ಇಲ್ಲ.

ಬಿಲ್ ಇದ್ದರೆ ಗಡಿನಾಡಿನವರಿಗೆ ಒಂದು ದೊಡ್ಡ ಬಲವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲೋ ಆನ್‌ಲೈನಿನಲ್ಲೋ ಕೊಂಡ ಲ್ಯಾಪ್‌ಟಾಪಿಗೆ ಕಾಸರಗೋಡಿನಲ್ಲೇ ನ್ಯಾಯ ಕೇಳಲಿಕ್ಕೆ ಬರುತ್ತದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

'ನೋ ಕಾಸ್ಟ್' ಕಂತು ಎಂದರೂ ಪ್ರೊಸೆಸಿಂಗ್ ಶುಲ್ಕ ಸೇರಿಸಿ ಕೊನೆಗೆ ಕೈಯಿಂದ ಹೋಗುವ ಒಟ್ಟು ಮೊತ್ತ ಎಷ್ಟೆಂದು ಬರೆಸಿಕೊಳ್ಳುವುದು ಒಳ್ಳೆಯದು. ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ಸೇವೆ ತಮ್ಮ ಪಿನ್‌ಕೋಡಿಗೆ ಉಂಟೋ, ಇಲ್ಲದಿದ್ದರೆ ಯಾವ ಊರಿಗೆ ಒಯ್ಯಬೇಕು ಎಂಬುದನ್ನೂ ಮೊದಲೇ ಕೇಳಬೇಕು.

ಮನೆಗೆ ತಂದ ಮೇಲೆ ಹಾಸಿಗೆಯ ಮೇಲಿಟ್ಟು ಆಡಬಾರದು. ಕೆಳಗಿನ ಗಾಳಿಕಿಂಡಿ ಮುಚ್ಚಿದರೆ ಬಿಸಿಯೇರಿ ಓಟ ತಾನಾಗಿ ನಿಧಾನವಾಗುತ್ತದೆ. ಕರಾವಳಿಯ ಸೆಕೆ, ಧೂಳಿಗೆ ವರ್ಷಕ್ಕೊಮ್ಮೆಯಾದರೂ ಫ್ಯಾನ್ ಸ್ವಚ್ಛ ಮಾಡಿಸಬೇಕು.

ಮೇಲಿನ ಬಣ್ಣ ನೋಡಿ ಈ ಊರಲ್ಲಿ ಯಾರೂ ಅಡಿಕೆ ಕೊಳ್ಳುವುದಿಲ್ಲ. ಒಂದೆರಡು ಒಡೆದು ನೋಡಿ ಆಮೇಲೆ ದರ ಹೇಳುತ್ತಾರೆ. ಆ ಅಡಿಕೆ ಮಾರಿ ಬಂದ ದುಡ್ಡು ಲ್ಯಾಪ್‌ಟಾಪಿಗೆ ಹೋಗುವಾಗಲೂ ಅಪ್ಪ, ಮಗ ಇಬ್ಬರೂ ಕುಳಿತು ಒಳಗೆ ಎಂತ ಉಂಟು ಎಂದು ನೋಡಿದರೆ, ನಾಲ್ಕು ವರ್ಷದ ಓದಿಗೂ ರಜೆಯ ಆಟಕ್ಕೂ ಅದೇ ಒಂದು ಸಾಕಾದೀತು.