ಮೊದಲ ಋತುವಿನಲ್ಲೇ ಕಿರೀಟ: 2013–14ರ ಐ-ಲೀಗ್ ಹೇಳುವ ಕಥೆ

ಅಣ್ಣಿಗೇರಿ: ಗೋವಾದ ಮುರಗಾಂವ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡ ಗೂಡ್ಸ್ ರೈಲುಗಳು ಕ್ಯಾಸಲ್‌ರಾಕ್ ಘಟ್ಟವೇರಿ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ, ಅಣ್ಣಿಗೇರಿ ನಿಲ್ದಾಣದ ಮೂಲಕ ಪೂರ್ವಾಭಿಮುಖವಾಗಿ ಸಾಗುತ್ತವೆ. ಅವುಗಳಲ್ಲಿ ಹಲವು ತಲುಪುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯನ್ನು. ಇದೇ ಉಕ್ಕಿನ ಉದ್ಯಮ ಸಮೂಹ 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಸ್ಥಾಪಿಸಿತು. ಒಂಬತ್ತು ತಿಂಗಳ ನಂತರ, 2014ರ ಏಪ್ರಿಲ್ 21ರಂದು, ಇದೇ ರೈಲು ಮಾರ್ಗದ ಗೋವಾ ತುದಿಯಲ್ಲಿರುವ ಮಡಗಾಂವ್ ನಗರದ ಫಾತೋರ್ಡಾ ಕ್ರೀಡಾಂಗಣದಲ್ಲಿ ಆ ಕ್ಲಬ್ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ದೇಶದ ಅಂದಿನ ಅಗ್ರ ಲೀಗ್ ಆದ ಐ-ಲೀಗ್‌ನ ಚಾಂಪಿಯನ್ ಆಯಿತು.

ಆಡಿದ ಮೊದಲ ಋತುವಿನಲ್ಲೇ ಬೆಂಗಳೂರು ಎಫ್‌ಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತೆಂಬ ಸುದ್ದಿ ಅಂದು ಎಲ್ಲ ಪತ್ರಿಕೆಗಳ ಕ್ರೀಡಾಪುಟವನ್ನು ತುಂಬಿತ್ತು. ಆದರೆ ಆ ಗೆಲುವು ಹೇಗೆ ಸಾಧ್ಯವಾಯಿತು, ಹೊಸ ತಂಡಕ್ಕೆ ಅಗ್ರ ಲೀಗ್‌ನ ಬಾಗಿಲು ತೆರೆದವರು ಯಾರು, ಆ ಬಾಗಿಲಿನಿಂದ ಹೊರಹೋದವರು ಯಾರು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಯಾಗಲಿಲ್ಲ. ಭಾರತದ ಫುಟ್‌ಬಾಲ್ ಲೀಗ್ 2025ರಲ್ಲಿ ತನ್ನ ಅಸ್ತಿತ್ವಕ್ಕೇ ಕುತ್ತು ಬಂದ ಸ್ಥಿತಿಯನ್ನು ತಲುಪಿದ ಮೇಲೆ ಈ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿಕೊಳ್ಳುವುದು ಅನಿವಾರ್ಯವಾಗಿದೆ.

ಒಂದು ರಾತ್ರಿಯ ಪಂದ್ಯಾವಳಿಯಲ್ಲ

ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ ಭಾಗದ ಓದುಗರಿಗೆ ಪಂದ್ಯಾವಳಿ ಎಂದೊಡನೆ ನೆನಪಾಗುವುದು ಜಾತ್ರೆಯ ಕುಸ್ತಿ ಅಥವಾ ಹೊನಲು ಬೆಳಕಿನ ಕಬಡ್ಡಿ. ಸಂಜೆ ಆರಂಭವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಒಳ್ಳೆಯ ತಂಡವೊಂದು ಐದು ನಿಮಿಷ ಎಡವಿದರೂ ವರ್ಷವಿಡೀ ಮಾಡಿದ ತಾಲೀಮು ವ್ಯರ್ಥವಾದೀತು.

ಲೀಗ್‌ನ ನಿಯಮ ಇದಕ್ಕೆ ತೀರ ಭಿನ್ನ. 2013–14ರ ಐ-ಲೀಗ್‌ನಲ್ಲಿ 13 ತಂಡಗಳಿದ್ದವು. ಪ್ರತಿಯೊಂದು ತಂಡವೂ ಉಳಿದ 12 ತಂಡಗಳೊಡನೆ ತನ್ನ ತವರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡಬೇಕು. ಅಂದರೆ ಒಟ್ಟು 24 ಪಂದ್ಯಗಳು. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಇಲ್ಲಿ ಫೈನಲ್ ಎಂಬುದಿಲ್ಲ. ಸೆಪ್ಟೆಂಬರಿನ ಮಳೆಯಲ್ಲಿ ಗಳಿಸಿದ ಅಂಕಕ್ಕೂ ಏಪ್ರಿಲ್‌ನ ಬಿಸಿಲಿನಲ್ಲಿ ಗಳಿಸಿದ ಅಂಕಕ್ಕೂ ಒಂದೇ ಬೆಲೆ. ಶಿಲ್ಲಾಂಗ್‌ನ ಚಳಿ, ಕೋಲ್ಕತ್ತದ ಸೆಕೆ, ಗೋವಾದ ಆರ್ದ್ರತೆ ಎಲ್ಲವನ್ನೂ ಏಳು ತಿಂಗಳು ಸಹಿಸಿ ನಿಂತವರೇ ಚಾಂಪಿಯನ್.

ಬೆಂಗಳೂರು ಎಫ್‌ಸಿಯ ಲೆಕ್ಕ ಹೀಗಿತ್ತು: 24 ಪಂದ್ಯಗಳಲ್ಲಿ 14 ಗೆಲುವು, 5 ಡ್ರಾ, 5 ಸೋಲು, ಒಟ್ಟು 47 ಅಂಕ. ಎರಡನೇ ಸ್ಥಾನ ಪಡೆದ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ 43. ಐದು ಬಾರಿ ಸೋತ ತಂಡವೂ ಚಾಂಪಿಯನ್ ಆಗಬಲ್ಲದು ಎಂಬುದು ನಾಕೌಟ್ ಪಂದ್ಯಾವಳಿಗೆ ಒಗ್ಗಿದವರಿಗೆ ವಿಚಿತ್ರವೆನಿಸಬಹುದು. ಸೋತ ಮರುವಾರವೂ ತಂಡ ಎದ್ದು ನಿಲ್ಲುತ್ತದೆಯೇ ಎಂಬುದನ್ನೇ ಲೀಗ್ ಅಳೆಯುತ್ತದೆ.

ಗೋವಾದ ಆರು ವರ್ಷಗಳ ಪಾರಮ್ಯ

ಈ ಗೆಲುವಿನ ತೂಕ ಅರಿಯಬೇಕಾದರೆ ಹಿಂದಿನ ಪಟ್ಟಿಯತ್ತ ಕಣ್ಣು ಹಾಯಿಸಬೇಕು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ 2007ರಲ್ಲಿ ಐ-ಲೀಗ್ ಎಂಬ ಹೆಸರು ಪಡೆಯಿತು. ಅಲ್ಲಿಂದ 2013ರವರೆಗಿನ ಆರು ಋತುಗಳಲ್ಲಿ ಡೆಂಪೊ ಮೂರು ಬಾರಿ, ಚರ್ಚಿಲ್ ಬ್ರದರ್ಸ್ ಎರಡು ಬಾರಿ, ಸಾಲ್ಗಾಂವ್ಕರ್ ಒಂದು ಬಾರಿ ಪ್ರಶಸ್ತಿ ಗೆದ್ದವು. ಆರಕ್ಕೆ ಆರೂ ಗೋವಾದ ತಂಡಗಳು! ಕಲಘಟಗಿಯಿಂದ ಯಲ್ಲಾಪುರ ಘಟ್ಟದ ದಾರಿ ಹಿಡಿದರೆ ಕೆಲವೇ ತಾಸುಗಳಲ್ಲಿ ತಲುಪಬಹುದಾದ ಈ ಪುಟ್ಟ ರಾಜ್ಯ ಫುಟ್‌ಬಾಲ್‌ನಲ್ಲಿ ಇಡೀ ದೇಶವನ್ನು ಆಳುತ್ತಿತ್ತು. ಅಂಥ ಪಾರಮ್ಯವನ್ನು ಗೋವಾದ ನೆಲದಲ್ಲೇ, ಅದರ ಅತ್ಯಂತ ಯಶಸ್ವಿ ತಂಡದ ಎದುರೇ, ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಮುರಿದದ್ದು ಬೆಂಗಳೂರಿನ ಹೊಸ ಕ್ಲಬ್.

ಮೊದಲ ಯತ್ನದಲ್ಲೇ ರಾಷ್ಟ್ರೀಯ ಲೀಗ್ ಗೆದ್ದ ತಂಡ ಇದೊಂದೇ ಎಂದು ಕೆಲವೆಡೆ ಬರೆಯಲಾಗುತ್ತದೆ. 1996–97ರಲ್ಲಿ ಪಂಜಾಬಿನ ಜೆಸಿಟಿ ಕೂಡ ಮೊದಲ ಯತ್ನದಲ್ಲೇ ಗೆದ್ದಿತ್ತು. ಆದರೆ ಅದು ಲೀಗ್‌ನದ್ದೇ ಮೊದಲ ವರ್ಷ. ಎಲ್ಲರಿಗೂ ಅದು ಮೊದಲ ಯತ್ನವೇ ಆಗಿತ್ತು.

ಬೆಂಗಳೂರಿನ ಆರಂಭ ಅಬ್ಬರದ್ದೇನೂ ಆಗಿರಲಿಲ್ಲ. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ನಡೆದ ಮೊದಲ ಪಂದ್ಯ 1–1ರಲ್ಲಿ ಡ್ರಾ ಆಯಿತು. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್‌ನ ಮೊದಲ ಗೋಲು ಗಳಿಸಿದರು. ಸುಮಾರು 8,400 ಆಸನಗಳ, ಕೃತಕ ಹುಲ್ಲಿನ ಆ ಹಳೆಯ ಅಂಗಣವೇ ತಂಡಕ್ಕೆ ವರವಾಯಿತೆನ್ನಬಹುದು. ದೊಡ್ಡ ಕ್ರೀಡಾಂಗಣದಲ್ಲಿ ಚದುರಿಹೋಗುತ್ತಿದ್ದ ಪ್ರೇಕ್ಷಕರು ಇಲ್ಲಿ ಅಂಗಣದ ಅಂಚಿನಲ್ಲೇ ಕಿಕ್ಕಿರಿದು ನಿಂತು ಹಾಡಿದರು.

ತರಬೇತುದಾರ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ವಿಭಾಗದಲ್ಲಿ ಕಲಿತವರು. ಆಟಗಾರರ ಆಹಾರ, ತೂಕ, ವಿಶ್ರಾಂತಿ, ಓಟದ ಪ್ರಮಾಣ ಇವೆಲ್ಲವನ್ನೂ ಲೆಕ್ಕವಿಟ್ಟು ನೋಡುವ ಪದ್ಧತಿಯನ್ನು ಅವರು ತಂದರು. ಭಾರತ ತಂಡದ ನಾಯಕ ಸುನಿಲ್ ಚೆಟ್ರಿ 14 ಗೋಲು ಗಳಿಸಿದರು. ರಕ್ಷಣೆಯಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಗೋಡೆಯಂತೆ ನಿಂತರು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಅವರಂಥ ಕಿರಿಯರಿಗೂ ತಂಡದಲ್ಲಿ ಸ್ಥಾನವಿತ್ತು. ಆದರೆ ಹೆಚ್ಚಿನ ಆಟಗಾರರು ಕೇರಳ, ಈಶಾನ್ಯ ರಾಜ್ಯಗಳು ಹಾಗೂ ವಿದೇಶಗಳಿಂದ ಬಂದವರಾಗಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಹೆಸರಿನ ವಿಷಯದಲ್ಲೊಂದು ಸ್ವಾರಸ್ಯವಿದೆ. ಸರ್ಕಾರಿ ಕಡತಗಳ ಇಂಗ್ಲಿಷಿನಲ್ಲಿ ರಾಜಧಾನಿ ಇನ್ನೂ ‘ಬ್ಯಾಂಗಲೋರ್’ ಆಗಿದ್ದಾಗಲೇ ಕ್ಲಬ್ ‘ಬೆಂಗಳೂರು’ ಎಂಬ ಕನ್ನಡದ ಹೆಸರನ್ನು ಇಟ್ಟುಕೊಂಡಿತ್ತು. ಸರ್ಕಾರ ಅಧಿಕೃತವಾಗಿ ಹೆಸರು ಬದಲಿಸಿದ್ದು 2014ರ ನವೆಂಬರ್ 1ರಂದು. ‘ಹುಬ್ಳಿ’ ‘ಹುಬ್ಬಳ್ಳಿ’ಯಾದದ್ದೂ ಅದೇ ದಿನ.

ಕಾರ್ಖಾನೆ ತಂಡಗಳ ನಿರ್ಗಮನ

ಕರ್ನಾಟಕಕ್ಕೆ ಫುಟ್‌ಬಾಲ್ 2013ರಲ್ಲಿ ಬಂದದ್ದೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು, 1948ರಲ್ಲಿ ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ದಾಖಲಾದದ್ದು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು.

ಈ ಪರಂಪರೆಯನ್ನು ದಶಕಗಳ ಕಾಲ ಹೊತ್ತವು ಸಾರ್ವಜನಿಕ ಉದ್ದಿಮೆಗಳು. ದೂರವಾಣಿ ಯಂತ್ರ ತಯಾರಿಸುವ ಐಟಿಐ, ವಿಮಾನ ತಯಾರಿಸುವ ಎಚ್‌ಎಎಲ್ ಮೊದಲಾದ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಕಾಲು ಮುರಿದರೂ ಸಂಬಳ ನಿಲ್ಲುತ್ತಿರಲಿಲ್ಲ. ಆಟ ಮುಗಿದ ಮೇಲೆ ಪಿಂಚಣಿಯೂ ಇತ್ತು. ಹಳ್ಳಿಯ ಬಡ ಮನೆಯ ಹುಡುಗನೊಬ್ಬ ಆಟವನ್ನೇ ನಂಬಿ ಊರು ಬಿಡಲು ಈ ಭರವಸೆ ಸಾಕಾಗಿತ್ತು. 2011–12ರ ಋತುವಿನ ಕೊನೆಯಲ್ಲಿ ಎಚ್‌ಎಎಲ್ ಹಿಂಬಡ್ತಿ ಪಡೆಯಿತು. ಮರುವರ್ಷದ ಐ-ಲೀಗ್‌ನಲ್ಲಿ ಕರ್ನಾಟಕದ ಒಂದು ತಂಡವೂ ಇರಲಿಲ್ಲ.

ಇದೇ ಹೊತ್ತಿಗೆ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿ ನಿಯಮಗಳು ಬಿಗಿಯಾದವು. ಕ್ಲಬ್ ಎಂದರೆ ಪ್ರತ್ಯೇಕ ಸಂಸ್ಥೆಯಾಗಿರಬೇಕು. ಅದಕ್ಕೆ ಕಿರಿಯರ ತಂಡ, ಅಂಗಣ, ಲೆಕ್ಕಪತ್ರ ಇರಬೇಕು ಎಂಬುದು ಆ ನಿಯಮಗಳ ಸಾರ. ಇಲಾಖಾ ತಂಡಗಳಾದ ಒಎನ್‌ಜಿಸಿ ಮತ್ತು ಏರ್ ಇಂಡಿಯಾ 2013ರಲ್ಲಿ ಈ ಕಾರಣಕ್ಕೆ ಲೀಗ್‌ನಿಂದ ಹೊರಬಿದ್ದವು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಉದ್ಯಮ ಸಂಸ್ಥೆಗಳಿಂದ ಬಿಡ್ ಆಹ್ವಾನಿಸಿ ನೇರ ಪ್ರವೇಶದ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳಬಂದದ್ದೇ ಬೆಂಗಳೂರು ಎಫ್‌ಸಿ. ಅಂದರೆ ಅದು ಜಿಲ್ಲಾ ಲೀಗ್, ರಾಜ್ಯ ಲೀಗ್, ಎರಡನೇ ವಿಭಾಗ ಎಂಬ ಮೆಟ್ಟಿಲುಗಳನ್ನು ಹತ್ತಿ ಬಂದ ತಂಡವಲ್ಲ. ಪ್ರಶಸ್ತಿಯನ್ನು ಅಂಗಣದಲ್ಲಿ ಬೆವರು ಸುರಿಸಿಯೇ ಗಳಿಸಿತು. ಪ್ರವೇಶವನ್ನು ಮಾತ್ರ ಬಂಡವಾಳದಿಂದ.

ಹಿಂದಿನ ವರ್ಷದ ಚಾಂಪಿಯನ್ ಚರ್ಚಿಲ್ ಬ್ರದರ್ಸ್‌ನ ಕಥೆ ಇದಕ್ಕೆ ವಿರುದ್ಧ. 2013–14ರಲ್ಲಿ ಅದು ಅಂಕಪಟ್ಟಿಯ ತಳಭಾಗಕ್ಕೆ ಜಾರಿತು. ಋತು ಮುಗಿದ ಮೇಲೆ ಪರವಾನಗಿಯ ಷರತ್ತುಗಳನ್ನು ಪೂರೈಸಲಿಲ್ಲವೆಂದು ಫೆಡರೇಷನ್ ಅದನ್ನೂ, ಯುನೈಟೆಡ್ ಎಸ್‌ಸಿ ಮತ್ತು ರಂಗದಾಜಿಯೆಡ್ ತಂಡಗಳನ್ನೂ ಹೊರಗಿಟ್ಟಿತು. ಒಂದು ವರ್ಷ ದೇಶಕ್ಕೇ ಮೊದಲಿಗರು, ಮರುವರ್ಷ ಲೀಗ್‌ನಲ್ಲೇ ಇಲ್ಲ!

ಲೀಗ್‌ನ ಲೆಕ್ಕ ಎಷ್ಟು ನಿಷ್ಠುರವೆಂಬುದು ಬೆಂಗಳೂರಿಗೂ ಬೇಗ ಅರಿವಾಯಿತು. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಋತುವಿನ ಕೊನೆಯ ಪಂದ್ಯ; ಎದುರಾಳಿ ಮತ್ತೆ ಮೋಹನ್ ಬಾಗನ್. ಗೆದ್ದರೆ ಬೆಂಗಳೂರಿಗೆ 39 ಅಂಕ, ಬಾಗನ್‌ಗೆ 38. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಪಂದ್ಯ ಮುಗಿಯಲು ಮೂರು ನಿಮಿಷಗಳಿರುವಾಗ ನೈಜೀರಿಯಾದ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದರು. 1–1. ಬಾಗನ್ 39, ಬೆಂಗಳೂರು 37. ಮರುವರ್ಷ ಬೆಂಗಳೂರು ಪ್ರಶಸ್ತಿಯನ್ನು ಮರಳಿ ಪಡೆಯಿತು; 2016ರ ನವೆಂಬರಿನಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿ, ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ತಂಡಕ್ಕೆ 0–1ರಿಂದ ಸೋತಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ, 2019ರ ಮಾರ್ಚ್ 17ರಂದು ಗೋವಾ ತಂಡವನ್ನು 1–0ರಿಂದ ಮಣಿಸಿ ಅದನ್ನೂ ಗೆದ್ದಿತು.

ಎರೆಭೂಮಿಯ ಹುಡುಗರಿಗೆ ಮೆಟ್ಟಿಲೆಲ್ಲಿ?

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ ಫುಟ್‌ಬಾಲ್‌ಗೆ ಒಲಿಯುವ ನೆಲವಲ್ಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ಕೆಸರು, ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕು. ಕಬಡ್ಡಿ, ಕೊಕ್ಕೊಗಳಿಗೆ ಚಿಕ್ಕದೊಂದು ಜಾಗ ಹದಮಾಡಿಕೊಂಡರೆ ಸಾಕು. ಫುಟ್‌ಬಾಲ್‌ಗೆ ನೂರು ಮೀಟರ್ ಉದ್ದದ ಸಮತಟ್ಟಾದ ಅಂಗಣ ಬೇಕು. ಕಲಘಟಗಿಯ ಕೆಂಪು ಮಣ್ಣು ಇದಕ್ಕಿಂತ ಅನುಕೂಲಕರ. ಆದರೆ ನೆಲಕ್ಕಿಂತ ದೊಡ್ಡ ತೊಡಕು ವ್ಯವಸ್ಥೆಯದು. ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ನಡೆಯುವುದು ಬೆಂಗಳೂರಿನಲ್ಲಿ. ಶಾಲಾ ಕ್ರೀಡಾಕೂಟದಲ್ಲಿ ಮಿಂಚಿದ ಹುಡುಗ ಮುಂದುವರಿಯಬೇಕಾದರೆ ಊರು ಬಿಡಬೇಕು. ಹಿಂದೆ ಹಾಗೆ ಊರು ಬಿಟ್ಟವನಿಗೆ ಕಾರ್ಖಾನೆಯ ನೌಕರಿಯ ಆಸರೆಯಿತ್ತು. ಈಗ ಕ್ಲಬ್‌ನ ಒಪ್ಪಂದವಿದೆ. ಮೊತ್ತ ದೊಡ್ಡದಿರಬಹುದು, ಅವಧಿ ಚಿಕ್ಕದು.

ರಾಜ್ಯದಲ್ಲಿ ಪ್ರತಿಭೆಗೆ ಕೊರತೆಯಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಪ್ರತಿಭೆಯನ್ನು ಹಳ್ಳಿಯಿಂದ ಅಗ್ರ ಲೀಗ್‌ಗೆ ಏರಿಸುವ ಮೆಟ್ಟಿಲುಗಳ ಕೊರತೆಯೇ ನಿಜವಾದ ಚಿಂತೆ.

ಆ ಮೆಟ್ಟಿಲುಗಳ ತುದಿಯಲ್ಲಿರುವ ಅಟ್ಟವೂ ಭದ್ರವಾಗಿಲ್ಲವೆಂಬುದನ್ನು 2025 ತೋರಿಸಿತು. ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರ ಸಂಸ್ಥೆಯ ನಡುವೆ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ನವೀಕರಣವಾಗದೆ ಜುಲೈನಲ್ಲಿ ಸೂಪರ್ ಲೀಗ್‌ನ ಋತುವನ್ನೇ ತಡೆಹಿಡಿಯಲಾಯಿತು. ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್ ಆಡಿದ್ದ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ ಮತ್ತು ಸಿಬ್ಬಂದಿಯ ವೇತನ ತಡೆಹಿಡಿಯುವುದಾಗಿ ಪ್ರಕಟಿಸಿತು. ಕೆಳಗಿನ ಹಂತದಲ್ಲಿಯೂ ಅದೇ ವರ್ಷ ಗೊಂದಲ: ಐ-ಲೀಗ್ ಚಾಂಪಿಯನ್ ಎಂದು ಘೋಷಿತವಾಗಿದ್ದ ಚರ್ಚಿಲ್ ಬ್ರದರ್ಸ್‌ನ ಪ್ರಶಸ್ತಿ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯ ತೀರ್ಪಿನಿಂದ ಇಂಟರ್ ಕಾಶಿ ಪಾಲಾಯಿತು.

ಸುಪ್ರೀಂ ಕೋರ್ಟ್‌ವರೆಗೆ ಹೋದ ಈ ಬಿಕ್ಕಟ್ಟಿನ ನಡುವೆ, 14 ತಂಡಗಳ ಲೀಗ್ ಫೆಬ್ರವರಿ 14ರಿಂದ ಆರಂಭವಾಗಲಿದೆ ಎಂದು ಕೇಂದ್ರ ಕ್ರೀಡಾ ಸಚಿವರು 2026ರ ಜನವರಿ 6ರಂದು ಪ್ರಕಟಿಸಿದರು. ಒಟ್ಟು 91 ಪಂದ್ಯಗಳು. ಅಂದರೆ ಪ್ರತಿ ತಂಡ ಉಳಿದ 13 ತಂಡಗಳೊಡನೆ ಒಮ್ಮೆ ಮಾತ್ರ ಆಡುವುದು. 2013–14ರ 24 ಪಂದ್ಯಗಳ ಋತುವಿನಲ್ಲಿ ಎಲ್ಲರಿಗೂ ತವರಿನಲ್ಲಿ 12, ಹೊರಗೆ 12 ಎಂಬ ಸಮಪಾಲು ಇತ್ತು. ಹದಿಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು. ಕೆಲವರಿಗೆ ತವರಿನಲ್ಲಿ ಹೆಚ್ಚು ಪಂದ್ಯ ಸಿಕ್ಕರೆ ಉಳಿದವರಿಗೆ ಕಡಿಮೆ.