ಆಕಾಶದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಪಾಲಿಲ್ಲವೇ?



ಶಾಬಾನ್ ತಿಂಗಳ 29ರ ಸಂಜೆ ನಮ್ಮ ಕರಾವಳಿಯ ಮನೆಗಳಲ್ಲಿ ಏನು ನಡೆಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಗಂಡಸರು ಕೋಡಿ, ಗಂಗೊಳ್ಳಿ, ಶಿರೂರಿನ ಕಡಲ ದಂಡೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನಾವು ಹಿತ್ತಿಲ ತೆಂಗಿನ ಮರಗಳ ಸಂದಿನಲ್ಲಿ ಅದೇ ಚಂದ್ರನನ್ನು ಹುಡುಕುತ್ತೇವೆ, ಕಂಡ ಕೂಡಲೇ ಮಕ್ಕಳಿಗೆ ತೋರಿಸುತ್ತೇವೆ. ಆಕಾಶವನ್ನು ನೋಡಬೇಡ ಎಂದು ಹೆಣ್ಣಿಗೆ ಯಾರೂ ಹೇಳಿಲ್ಲ. ಆದರೆ ಅದನ್ನು ಓದಲು ಹೊರಟರೆ?

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಮರುದಿನ ಮಗಳನ್ನು ಶಾಲೆಗೆ ಬಿಡಲು ಬಂದ ಒಬ್ಬ ತಾಯಿ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಟೀಚರ್, ಇವ್ರ್ ಚಂದ್ರನಲ್ಲಿಗೆ ಹೋದ್ರೆ ನಮ್ಗೆಂತ ಸಿಕ್ಕತ್ತ್?" ಅವರ ಪತಿ ಬೋಟಿನಲ್ಲಿ ದುಡಿಯುವವರು. ಪ್ರಶ್ನೆ ಕೇಳಿ ನನಗೆ ನಗು ಬರಲಿಲ್ಲ. ಬಡವರ ಮನೆಯ ಒಡತಿ ಖರ್ಚಿನ ಲೆಕ್ಕ ಕೇಳುವುದು ತಪ್ಪೇ?

ಚಂದ್ರನ ವಿಷಯ ಹಾಗಿರಲಿ, ಉಪಗ್ರಹದ ಉತ್ತರ ಅವರ ಮನೆಯಲ್ಲೇ ಇತ್ತು. ಸಮುದ್ರದ ನೀರಿನ ಬಣ್ಣ ಮತ್ತು ಬಿಸಿಯನ್ನು ಉಪಗ್ರಹಗಳು ಮೇಲಿನಿಂದ ಅಳೆಯುತ್ತವೆ. ಮೀನಿಗೆ ಆಹಾರವಾಗುವ ಸೂಕ್ಷ್ಮ ಜೀವಿಗಳು ಎಲ್ಲಿ ಹೆಚ್ಚಿವೆ, ಬೆಚ್ಚನೆಯ ನೀರು ಮತ್ತು ತಣ್ಣನೆಯ ನೀರು ಎಲ್ಲಿ ಸಂಧಿಸುತ್ತವೆ ಎಂದು ಇದರಿಂದ ತಿಳಿಯುತ್ತದೆ. ಹೈದರಾಬಾದಿನ 'ಇಂಕಾಯ್ಸ್' ಸಂಸ್ಥೆ ಈ ಮಾಹಿತಿಯಿಂದಲೇ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಮೀನುಗಾರರಿಗೆ ಕಳುಹಿಸುತ್ತದೆ. ಚಂಡಮಾರುತದ ಮುನ್ಸೂಚನೆಗೂ ಉಪಗ್ರಹದ ಚಿತ್ರಗಳೇ ಆಧಾರ.

ಆದರೆ ಅರ್ಧ ಉತ್ತರ ಇನ್ನೂ ಬಾಕಿ ಇದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ಎಚ್ಚರಿಕೆ ಸಮಯಕ್ಕೆ ಅವರನ್ನು ತಲುಪಲಿಲ್ಲ. ಎಷ್ಟೋ ಸಹೋದರಿಯರು ವಿಧವೆಯರಾದರು. ಯಂತ್ರ ಮೇಲೆ ಇದ್ದರೆ ಸಾಲದು, ಅದರ ಮಾತು ಕೆಳಗಿನ ಕಟ್ಟಕಡೆಯ ಮನೆಗೆ ಮುಟ್ಟಬೇಕು. ಗಾಳಿ ಎದ್ದ ರಾತ್ರಿ ಬಾಗಿಲಲ್ಲಿ ಕಾದು ಕುಳಿತವಳಿಗೆ ಯಾವ ಸಂದೇಶ ಬರುತ್ತದೆ ಎಂದು ಯೋಚಿಸಲು, ಯೋಜನೆ ಮಾಡುವವರ ನಡುವೆ ಅಂಥ ಮನೆಯಿಂದ ಬಂದವಳೊಬ್ಬಳು ಇರಬೇಡವೇ?

ಇಲ್ಲದಿದ್ದರೆ ಏನಾಗುತ್ತದೆ ನೋಡಿ. 1983ರಲ್ಲಿ ಅಮೇರಿಕದ ಸ್ಯಾಲಿ ರೈಡ್ ಒಂದು ವಾರದ ಬಾಹ್ಯಾಕಾಶ ಯಾನಕ್ಕೆ ಹೊರಟಾಗ, ಅವರ ಮುಟ್ಟಿನ ದಿನಗಳಿಗೆ 100 ಟ್ಯಾಂಪನ್ ಸಾಕೇ ಎಂದು ಅಲ್ಲಿನ ಇಂಜಿನಿಯರುಗಳು ಕೇಳಿದ್ದರಂತೆ! 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರು ಒಟ್ಟಿಗೆ ನಡೆಸಬೇಕಿದ್ದ ಬಾಹ್ಯಾಕಾಶ ನಡಿಗೆ, ಅವರ ಅಳತೆಯ ಎರಡು ಉಡುಪುಗಳು ಸಿದ್ಧವಿಲ್ಲದ ಕಾರಣ ತಪ್ಪಿಹೋಯಿತು. ಅಂಥ ನಡಿಗೆ ನಡೆದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ನಮ್ಮಲ್ಲಿ 2024ರ ಫೆಬ್ರವರಿಯಲ್ಲಿ ಗಗನಯಾನಕ್ಕಾಗಿ ಆಯ್ಕೆಯಾದ ನಾಲ್ವರ ಹೆಸರು ಪ್ರಕಟವಾಯಿತು. ನಾಲ್ವರೂ ವಾಯುಪಡೆಯ ಪೈಲಟ್‌ಗಳು, ನಾಲ್ವರೂ ಪುರುಷರು. ಮಾನವರಹಿತ ಹಾರಾಟದಲ್ಲಿ ಕಳುಹಿಸಲೆಂದು 2020ರಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ ಯಂತ್ರ 'ವ್ಯೋಮಮಿತ್ರ'ಕ್ಕೆ ಮಾತ್ರ ಹೆಣ್ಣಿನ ರೂಪ!

ಹಾಗೆಂದು ನಿರಾಶೆ ಬೇಡ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಯಶಸ್ವಿಯಾದಾಗ ಸೀರೆಯುಟ್ಟು, ಹೂ ಮುಡಿದು ನಗುತ್ತಿದ್ದ ಇಸ್ರೋ ಮಹಿಳೆಯರ ಫೋಟೊ ಲೋಕವೆಲ್ಲ ನೋಡಿತು. ಅವರು ಆಡಳಿತ ವಿಭಾಗದವರು ಎಂದು ಇಸ್ರೋ ನಂತರ ತಿಳಿಸಿತು. ಆದರೆ ಆ ಯೋಜನೆಯಲ್ಲಿ ಹಗಲಿರುಳು ದುಡಿದ ವಿಜ್ಞಾನಿಗಳಲ್ಲಿ ನಂದಿನಿ ಹರಿನಾಥ್, ರಿತು ಕರಿಧಾಲ್ ಅಂಥವರಿದ್ದರು. 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ. ಇವರ ಸಾಲಿನಲ್ಲಿ ನಮ್ಮವರೂ ಒಬ್ಬರಿದ್ದಾರೆ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ಕೃಷಿಕರ ಮಗಳು ನಿಗಾರ್ ಶಾಜಿ. ತಿರುನಲ್ವೇಲಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು 1987ರಲ್ಲಿ ಇಸ್ರೋ ಸೇರಿದರು. ಸೂರ್ಯನನ್ನು ಅಭ್ಯಸಿಸುವ 'ಆದಿತ್ಯ-ಎಲ್1' ಯೋಜನೆಯ ನಿರ್ದೇಶಕಿ ಅವರೇ. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು 2024ರ ಜನವರಿ 6ರಂದು ಸೇರಿತು.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿ. 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ 'ಆರ್ಯಭಟ'ವನ್ನು ರೂಪಿಸಿದ ತಂಡದ ನಾಯಕ ಯು.ಆರ್. ರಾವ್ ಹುಟ್ಟಿದ್ದು ಇಲ್ಲೇ ಅದಮಾರಿನಲ್ಲಿ. ಅದಮಾರಿನ ಹುಡುಗನಿಗೆ, ಸೆಂಗೋಟ್ಟೈಯ ಹುಡುಗಿಗೆ ಸಾಧ್ಯವಾದದ್ದು ಬೈಂದೂರಿನ, ಬ್ರಹ್ಮಾವರದ ಹುಡುಗಿಗೆ ಅಸಾಧ್ಯವೇ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಒಬ್ಬ ವಿದ್ಯಾರ್ಥಿನಿ ಗಣಿತದಲ್ಲಿ ಬಹಳ ಚುರುಕು. ಎಸ್ಸೆಸ್ಸೆಲ್ಸಿ ಆದ ಮೇಲೆ ವಿಜ್ಞಾನ ಓದಲು ಎರಡು ಬಸ್ ಬದಲಿಸಿ ಹೋಗಬೇಕಿತ್ತು. ಪ್ರಾಕ್ಟಿಕಲ್ ಇದ್ದ ದಿನ ಮನೆ ತಲುಪುವಾಗ ಕತ್ತಲಾಗುತ್ತದೆ, ಮಳೆಗಾಲ ಬೇರೆ. ಮನೆಯವರು ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿಸಿದರು. ನಾನು "ಹೋಗಲಿ, ಓದುತ್ತಾಳಲ್ಲ" ಎಂದು ಸುಮ್ಮನಾದೆ. ನಾನೂ ಕಲಾ ವಿಭಾಗದಲ್ಲೇ ಬಿ.ಎ. ಮಾಡಿದವಳು, ಅದು ಕೀಳೆಂದು ಹೇಳುತ್ತಿಲ್ಲ. ಆದರೆ ಅವಳ ದಾರಿಯನ್ನು ತೀರ್ಮಾನಿಸಿದ್ದು ಅವಳ ಬುದ್ಧಿಯಲ್ಲ, ಬಸ್ಸಿನ ಸಮಯ. ಅದೇ ಬಸ್ಸಿನಲ್ಲಿ ಅವಳ ಅಣ್ಣ ಹೋಗಿ ಬರುತ್ತಿದ್ದ!

ಆ ದಿನ ನಾನು ಇನ್ನೂ ನಾಲ್ಕು ಮನೆಗೆ ಹೋಗಿ ಮಾತಾಡಿದ್ದರೆ ನಾಲ್ಕು ಹುಡುಗಿಯರು ಸೇರಿ ಒಂದು ರಿಕ್ಷಾ ಗೊತ್ತು ಮಾಡಿಕೊಳ್ಳಬಹುದಿತ್ತು. ಜಮಾಅತ್‌ನ ಹಿರಿಯರನ್ನು ಕೇಳಿದ್ದರೆ ಬಾಡಿಗೆಗೆ ಸ್ವಲ್ಪ ನೆರವೂ ಸಿಗುತ್ತಿತ್ತೇನೋ. ನಾನು ಕೇಳಲೇ ಇಲ್ಲ.

ತಾಯಂದಿರೇ, ಜ್ಞಾನ ಸಂಪಾದನೆ ಗಂಡಿಗೂ ಹೆಣ್ಣಿಗೂ ಕಡ್ಡಾಯವೆಂದು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದವರು. ಹತ್ತನೇ ಶತಮಾನದಲ್ಲಿ ಅಲೆಪ್ಪೊ ನಗರದ ಅರಸ ಸೈಫುದ್ದೌಲನ ಆಸ್ಥಾನದಲ್ಲಿ ಇಜ್ಲಿಯ್ಯಾ ಎಂಬ ಮಹಿಳೆ, ನಕ್ಷತ್ರಗಳ ಸ್ಥಾನವನ್ನು ಅಳೆಯುವ 'ಅಸ್ತರ್‌ಲಾಬ್' ಉಪಕರಣ ತಯಾರಿಸುವವರಲ್ಲಿ ಒಬ್ಬಳಾಗಿದ್ದಳೆಂದು ಇಬ್ನು ನದೀಮ್ ಬರೆದಿಟ್ಟಿದ್ದಾರೆ. ಆ ಕೆಲಸವನ್ನು ಅವಳು ಗುರುವಿನ ಬಳಿ ಕಲಿತವಳು. ಅವಳನ್ನು ಕಲಿಯಲು ಕಳುಹಿಸಿದ ಒಂದು ಮನೆ ಇತ್ತೆಂಬುದನ್ನು ಮರೆಯಬಾರದು.

ಮುಂದಿನ ಬಾರಿ ಚಂದ್ರನನ್ನು ಮಗಳಿಗೆ ತೋರಿಸುವಾಗ ಅವಳು ಏನಾದರೂ ಪ್ರಶ್ನೆ ಕೇಳಿದರೆ ಗದರಬೇಡಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಟೀಚರ್ ಬಳಿ ಕೇಳು ಎನ್ನಿ. ಕಾಲೇಜಿಗೆ ಸೇರಿಸುವ ಸಮಯ ಬಂದಾಗ ಮೊದಲು ಅವಳ ಇಷ್ಟವನ್ನು ಕೇಳಿ, ಬಸ್ಸಿನ ಸಮಯವನ್ನು ಆಮೇಲೆ ನೋಡೋಣ. ರಿಕ್ಷಾಕ್ಕೆ ಉಳಿದ ಮೂರು ಹುಡುಗಿಯರನ್ನು ಹುಡುಕಲು ನಿಮ್ಮ ಜೊತೆ ನಾನೂ ಬರುತ್ತೇನೆ.