ಹುಳಿ ದ್ರಾಕ್ಷಿಯ ಕ್ಷಾರದ ಲೆಕ್ಕ

ಸಾಂಗ್ಲಿ ಜಿಲ್ಲೆಯ ತಾಸಗಾವದ ದ್ರಾಕ್ಷಿಯನ್ನೂ ಒಂದು ತುಂಡು ಮಟನ್ನನ್ನೂ ಮುಂದಿಟ್ಟು, ದೇಹಕ್ಕೆ ಹೆಚ್ಚು ಆಮ್ಲ ಸೇರಿಸುವುದು ಯಾವುದು ಎಂದು ಕೇಳಿದರೆ ಬಹುತೇಕರು ದ್ರಾಕ್ಷಿಯನ್ನೇ ತೋರಿಸುತ್ತಾರೆ. ನಾಲಿಗೆಗೆ ಹುಳಿಯೆನಿಸುವುದು ಅದೇ ತಾನೆ? ಆದರೆ ದೇಹದ ಲೆಕ್ಕ ತಿರುವುಮುರುವು.

ಹಣ್ಣು, ಸೊಪ್ಪುಗಳ ಹುಳಿಯ ಒಂದು ಭಾಗ ಪೊಟ್ಯಾಸಿಯಂ ಜೊತೆ ಲವಣವಾಗಿ ಬೆರೆತಿರುತ್ತದೆ. ಆ ಲವಣ ದೇಹದಲ್ಲಿ ಉರಿದಾಗ ಉಳಿಯುವುದು ಬೈಕಾರ್ಬೊನೇಟ್, ಅಂದರೆ ಕ್ಷಾರ. ಮಾಂಸ, ಮೊಟ್ಟೆ, ಧಾನ್ಯಗಳ ಪ್ರೋಟೀನಿನಲ್ಲಿರುವ ಗಂಧಕವಾದರೋ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆಹಾರ ಉರಿದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಬಿಡಬಹುದು. ಆದರೆ ಈ ಸಲ್ಫ್ಯೂರಿಕ್ ಆಮ್ಲವನ್ನು ಮೂತ್ರಪಿಂಡಗಳೇ ಹೊರಹಾಕಬೇಕು.

1995ರಲ್ಲಿ ಜರ್ಮನಿಯ ಸಂಶೋಧಕರಾದ ಥಾಮಸ್ ರೆಮರ್, ಫ್ರೀಡ್ರಿಕ್ ಮಾಂಜ್ ಈ ಹೊರೆಗೆ ಅಂಕಿ ಕೊಟ್ಟರು. 100 ಗ್ರಾಂ ಮಾಂಸಕ್ಕೆ ಸುಮಾರು 9 ಮಿಲಿ ಈಕ್ವಿವಲೆಂಟ್ ಆಮ್ಲ; ಅಷ್ಟೇ ಒಣದ್ರಾಕ್ಷಿಗೆ 21ರಷ್ಟು ಕ್ಷಾರ. ಬೇದಾಣೆ, ಅಂದರೆ ಒಣದ್ರಾಕ್ಷಿ, ಮಾಡುವವರು ಬೇಗ ಒಣಗಲೆಂದು ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದುತ್ತಾರೆ ನಿಜ, ಆದರೆ ಈ ಕ್ಷಾರದ ಮೂಲ ಹಣ್ಣಿನೊಳಗಿನ ಪೊಟ್ಯಾಸಿಯಮ್ಮೇ.

ಹಾಗಾದರೆ ಮಟನ್ ಊಟದಿಂದ ರಕ್ತ ಆಮ್ಲವಾಗುತ್ತದೆಯೇ? ಇಲ್ಲ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರುತ್ತದೆ. ಬೈಕಾರ್ಬೊನೇಟ್ ಆಮ್ಲವನ್ನು ತಕ್ಷಣ ಹಿಡಿಯುತ್ತದೆ, ಮೂತ್ರಪಿಂಡ ನಿಧಾನವಾಗಿ ಹೊರಗೆ ಕಳಿಸುತ್ತದೆ. ಊಟಕ್ಕೆ ತಕ್ಕಂತೆ ಬದಲಾಗುವುದು ಮೂತ್ರ: ಅದರ ಪಿಎಚ್ 4.5ರಿಂದ 8ರವರೆಗೆ ಏರಿಳಿಯಬಲ್ಲದು. ಹುಲ್ಲು ತಿನ್ನುವ ಮೊಲವನ್ನು ಉಪವಾಸ ಕೆಡವಿದರೆ ಅದರ ಕ್ಷಾರ ಮೂತ್ರ ಆಮ್ಲವಾಗುವುದನ್ನು 19ನೇ ಶತಮಾನದಲ್ಲೇ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್ ಗಮನಿಸಿದ್ದ. ತಿನ್ನಲು ಹುಲ್ಲಿಲ್ಲದಾಗ ಮೊಲ ತನ್ನದೇ ಮಾಂಸವನ್ನು ಕರಗಿಸಿಕೊಂಡಿತ್ತು.

ಆದ್ದರಿಂದ ‘ರಕ್ತವನ್ನು ಕ್ಷಾರಗೊಳಿಸುವ’ ನೀರಿಗೆ ದುಡ್ಡು ಸುರಿಯಬೇಕಿಲ್ಲ. ಜತ್ತ, ಮಿರಜ ಕಡೆಯ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕದ ಜೊತೆಗೆ ಸೊಪ್ಪಿನ ಪಲ್ಯ, ಹಸಿ ಉಳ್ಳಾಗಡ್ಡಿ ಇದ್ದರೆ ಧಾನ್ಯ-ಬೇಳೆಯ ಆಮ್ಲದ ಹೊರೆ ತಾನಾಗಿ ತಗ್ಗುತ್ತದೆ. ಯೂರಿಕ್ ಆಮ್ಲದ ಹರಳಾಗುವವರಿಗಂತೂ ಇದು ಅನುಕೂಲ. ಆ ಹರಳು ಬೆಳೆಯುವುದು ಆಮ್ಲ ಮೂತ್ರದಲ್ಲಿ.

ಮೂತ್ರಪಿಂಡ ಸೋತವರ ಮಾತು ಬೇರೆ. ಅವರಲ್ಲಿ ಆಮ್ಲ ದೇಹದಲ್ಲೇ ಉಳಿದು ಮೂಳೆ, ಸ್ನಾಯುಗಳನ್ನು ಸವೆಸುತ್ತದೆ. ಹಾಗೆಂದು ಬೇದಾಣೆಯ ಮೊರೆ ಹೋದರೆ ಅದರ ಪೊಟ್ಯಾಸಿಯಂ ಸಹ ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸೀತು. ಅಂಥವರು ರಕ್ತದ ಪೊಟ್ಯಾಸಿಯಂ ನೋಡಿಸಿ, ವೈದ್ಯರನ್ನು ಕೇಳಿಯೇ ಹಣ್ಣು ಆರಿಸಿಕೊಳ್ಳಬೇಕು.